ಗಡಿಯಾರ ಒಪ್ಪಿತು, ಜನ ಒಪ್ಪಲಿಲ್ಲ: ಆರ್ಥರ್ ವಾರ್ಟನ್ ಎಂಬ ಓಟಗಾರ, ಗೋಲ್‌ಕೀಪರ್, ಗಣಿ ಕಾರ್ಮಿಕ

1886ರ ಜುಲೈ 3. ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಮೈದಾನ. ಈ ಹೆಸರು ಕೇಳಿದ ಕೂಡಲೇ ಇವತ್ತಿನವರಿಗೆ ಚೆಲ್ಸಿ ಫುಟ್‌ಬಾಲ್ ಕ್ಲಬ್ ನೆನಪಾಗುತ್ತೆ. ಆದರೆ ಚೆಲ್ಸಿ ಹುಟ್ಟಿದ್ದೇ 1905ರಲ್ಲಿ. ಅದಕ್ಕೂ ಮುಂಚೆ ಅದು ಓಟಗಾರರ ಮೈದಾನ. ಅವತ್ತು ಅಲ್ಲಿ ಇಂಗ್ಲೆಂಡಿನ ಹವ್ಯಾಸಿ ಅಥ್ಲೀಟುಗಳ ಸಂಸ್ಥೆಯಾದ ಎಎಎ ನಡೆಸುತ್ತಿದ್ದ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇತ್ತು. ನೂರು ಗಜದ ಓಟಕ್ಕೆ ನಿಂತವರಲ್ಲಿ ಆಫ್ರಿಕಾದ ಅಕ್ರಾದಲ್ಲಿ ಹುಟ್ಟಿದ, ಇನ್ನೂ ಇಪ್ಪತ್ತೊಂದು ತುಂಬದ ಒಬ್ಬ ಕಪ್ಪು ಹುಡುಗನೂ ಇದ್ದ. ಆತ ಹತ್ತು ಸೆಕೆಂಡಿನಲ್ಲಿ ಗುರಿ ಮುಟ್ಟಿದ. ಅದು ಹವ್ಯಾಸಿ ಓಟಗಾರರ ವಿಶ್ವದಾಖಲೆಗೆ ಸಮ.

ಹೆಸರು ಆರ್ಥರ್ ವಾರ್ಟನ್. ಹಣ ಪಡೆದು ಫುಟ್‌ಬಾಲ್ ಆಡಿದ ಮೊದಲ ಕಪ್ಪು ಆಟಗಾರ ಎಂದು ಇಂಗ್ಲೆಂಡ್ ಇವತ್ತು ಗೌರವಿಸುವುದು ಇವನನ್ನೇ. ಹಣಕ್ಕಾಗಿ ಓಡಿ ಗೆದ್ದವನೂ ಇವನೇ. 1930ರಲ್ಲಿ ತೀರಿಕೊಂಡಾಗ ಇದೇ ಮನುಷ್ಯನ ಸಮಾಧಿಗೆ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ.

ಪ್ರತಿಭೆ ಇದ್ದರೆ ಯಾರೂ ತಡೆಯೋಕಾಗಲ್ಲ, ಮೆರಿಟ್ ತಾನಾಗಿಯೇ ಮೇಲೆ ಬರುತ್ತೆ ಅನ್ನೋ ಮಾತನ್ನ ನಾವು ದಿನಾ ಕೇಳ್ತೀವಿ. ಆ ಮಾತನ್ನು ಪರೀಕ್ಷೆ ಮಾಡಿ ನೋಡಲು ವಾರ್ಟನ್‌ನ ಬದುಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯಾಕಂದ್ರೆ ಅವನ ಮೆರಿಟ್ ಯಾರದೋ ಅಭಿಪ್ರಾಯ ಆಗಿರಲಿಲ್ಲ. ಅದನ್ನು ಗಡಿಯಾರ ಹಿಡಿದು ಅಳೆದಿದ್ದರು.

ಮೂರು ಖಂಡಗಳ ಮಗ

ಆರ್ಥರ್ ಹುಟ್ಟಿದ್ದು 1865ರ ಅಕ್ಟೋಬರ್ 28ರಂದು, ಅಕ್ರಾದ ಜೇಮ್ಸ್‌ಟೌನ್‌ನಲ್ಲಿ. ಈಗ ಅದು ಘಾನಾ ದೇಶದ ರಾಜಧಾನಿ. ಆಗ ಆ ಕರಾವಳಿಯನ್ನು ಗೋಲ್ಡ್ ಕೋಸ್ಟ್ ಅನ್ನುತ್ತಿದ್ದರು. ಅಪ್ಪ ಹೆನ್ರಿ ವಾರ್ಟನ್ ಕೆರಿಬಿಯನ್ನಿನ ಗ್ರೆನಡಾ ದ್ವೀಪದವನು. ಅವನ ಮೈಯಲ್ಲಿ ಅರ್ಧ ಸ್ಕಾಟಿಷ್ ರಕ್ತ, ಅರ್ಧ ಆಫ್ರಿಕನ್ ಮೂಲದ ರಕ್ತ. ವೆಸ್ಲಿಯನ್ ಮೆಥಡಿಸ್ಟ್ ಮಿಷನರಿಯಾಗಿ ಪಶ್ಚಿಮ ಆಫ್ರಿಕಾಕ್ಕೆ ಬಂದಿದ್ದ. ಅಮ್ಮ ಆನ್ನಿ ಫ್ಲಾರೆನ್ಸ್ ಎಗ್ರಿಬಾ ಅಲ್ಲಿನ ಫಾಂಟೆ ಸಮುದಾಯದ ರಾಜಮನೆತನಕ್ಕೆ ಸೇರಿದವಳು.

ಅಂದರೆ ಇದು ಬಡತನದಿಂದ ಎದ್ದು ಬಂದ ಹುಡುಗನ ಕಥೆಯಲ್ಲ. ಮನೆಯಲ್ಲಿ ಓದು ಇತ್ತು, ಚರ್ಚಿನ ಸಂಪರ್ಕ ಇತ್ತು, ಊರಲ್ಲಿ ಮರ್ಯಾದೆ ಇತ್ತು. 1873ರಲ್ಲಿ ಅಪ್ಪ ತೀರಿಕೊಂಡ. ಮಾರನೆಯ ವರ್ಷ, 1874ರಲ್ಲಿ, ಬ್ರಿಟಿಷ್ ಸೇನೆ ಒಳನಾಡಿನ ಅಶಾಂತಿ ಸಾಮ್ರಾಜ್ಯದ ರಾಜಧಾನಿ ಕುಮಾಸಿಯನ್ನು ಸುಟ್ಟುಹಾಕಿತು. ಅದೇ ವರ್ಷ ಗೋಲ್ಡ್ ಕೋಸ್ಟ್ ಅಧಿಕೃತವಾಗಿ ಬ್ರಿಟಿಷ್ ವಸಾಹತು ಆಯಿತು. ಹುಡುಗನಿಗೆ ಆಗ ಎಂಟು ವರ್ಷ.

ಒಂದಷ್ಟು ಕಾಲ ಲಂಡನ್ನಿನಲ್ಲಿ ಶಾಲೆ ಕಲಿತು ಊರಿಗೆ ವಾಪಸಾದ ಆರ್ಥರ್, 1880ರ ದಶಕದ ಮೊದಲ ವರ್ಷಗಳಲ್ಲಿ ಮತ್ತೆ ಇಂಗ್ಲೆಂಡಿಗೆ ಹೋದ. ಅಪ್ಪನ ದಾರಿಯಲ್ಲೇ ಮಗನೂ ಬೋಧಕನಾಗಲಿ ಅನ್ನೋದು ಮನೆಯವರ ಆಸೆ. ಮೊದಲು ಕ್ಯಾನಕ್ ಅನ್ನುವ ಊರು, 1884ರ ಹೊತ್ತಿಗೆ ಉತ್ತರ ಇಂಗ್ಲೆಂಡಿನ ಡಾರ್ಲಿಂಗ್ಟನ್‌ನ ಕ್ಲೀವ್‌ಲ್ಯಾಂಡ್ ಕಾಲೇಜು. ಅಲ್ಲಿ ಹುಡುಗನ ಮನಸ್ಸು ಪುಸ್ತಕ ಬಿಟ್ಟು ಮೈದಾನಕ್ಕೆ ಓಡಿತು. ಕ್ರಿಕೆಟ್ ಆಡಿದ, ಸೈಕಲ್ ರೇಸಿಗೆ ಇಳಿದ, ಓಡಿದ. ಡಾರ್ಲಿಂಗ್ಟನ್ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಆದ. ಬೋಧಕನಾಗುವ ಯೋಚನೆ ಅಲ್ಲಿಗೇ ನಿಂತಿತು.

ಹತ್ತು ಸೆಕೆಂಡಿನ ಲೆಕ್ಕ

ನೂರು ಗಜ ಅಂದರೆ 91.44 ಮೀಟರ್. ಹತ್ತು ಸೆಕೆಂಡಿನಲ್ಲಿ ಅಂದರೆ ಸೆಕೆಂಡಿಗೆ ಸರಿಯಾಗಿ ಹತ್ತು ಗಜ, ಗಂಟೆಗೆ ಸುಮಾರು 33 ಕಿಲೋಮೀಟರ್ ಸರಾಸರಿ ವೇಗ. ಉಸೇನ್ ಬೋಲ್ಟ್‌ನ 9.58 ಸೆಕೆಂಡಿನ ನೂರು ಮೀಟರ್ ಓಟದ ಸರಾಸರಿ ಗಂಟೆಗೆ ಸುಮಾರು 37.6 ಕಿಲೋಮೀಟರ್. ಬೋಲ್ಟ್‌ಗೆ ಸಿಂಥೆಟಿಕ್ ಟ್ರ್ಯಾಕ್ ಇತ್ತು, ಕಾಲು ಒತ್ತಿ ಚಿಮ್ಮಲು ಸ್ಟಾರ್ಟಿಂಗ್ ಬ್ಲಾಕ್ ಇತ್ತು. ವಾರ್ಟನ್ ಕಾಲದಲ್ಲಿ ಬ್ಲಾಕ್ ಅನ್ನೋದೇ ಹುಟ್ಟಿರಲಿಲ್ಲ. ಓಟಗಾರರು ನಿಂತ ನಿಲುವಿನಿಂದಲೇ ಹೊರಡುತ್ತಿದ್ದರು. ಸಮಯ ಅಳೆಯುತ್ತಿದ್ದುದು ಕೈಯಲ್ಲಿ ಹಿಡಿದ ಗಡಿಯಾರದಲ್ಲಿ. ಈ ವ್ಯತ್ಯಾಸವನ್ನೆಲ್ಲ ಮನಸ್ಸಲ್ಲಿ ಇಟ್ಟುಕೊಂಡು ಆ ಹತ್ತು ಸೆಕೆಂಡನ್ನು ಓದಬೇಕು.

ಕಾಲವನ್ನೂ ಗಮನಿಸಿ. 1884ರ ಕೊನೆಯಲ್ಲಿ ಶುರುವಾಗಿ 1885ರ ಫೆಬ್ರವರಿವರೆಗೆ ನಡೆದ ಬರ್ಲಿನ್ ಸಮ್ಮೇಳನದಲ್ಲಿ ಯುರೋಪಿನ ದೇಶಗಳು ಆಫ್ರಿಕಾ ಹಂಚಿಕೊಳ್ಳುವ ನಿಯಮಗಳನ್ನು ಬರೆದುಕೊಂಡಿದ್ದವು. ಆ ಮೇಜಿನ ಸುತ್ತ ಒಬ್ಬ ಆಫ್ರಿಕನ್ ಪ್ರತಿನಿಧಿಯೂ ಇರಲಿಲ್ಲ. ಬಿಳಿಯರು ದೇಹದಲ್ಲೂ ಬುದ್ಧಿಯಲ್ಲೂ ಮೇಲು, ಕಪ್ಪು ಜನ ಕೀಳು ಅನ್ನುವುದನ್ನು ತಲೆಬುರುಡೆ ಅಳೆದು 'ವಿಜ್ಞಾನ'ದ ಹೆಸರಲ್ಲಿ ಬೋಧಿಸುತ್ತಿದ್ದ ದಿನಗಳು ಅವು. ಅಂಥ ಹೊತ್ತಲ್ಲಿ ಸಾಮ್ರಾಜ್ಯದ ರಾಜಧಾನಿಯಲ್ಲೇ ಅಕ್ರಾದ ಹುಡುಗ ಎಲ್ಲರನ್ನೂ ಹಿಂದೆ ಹಾಕಿದ. 1887ರಲ್ಲಿ ಅದೇ ಪ್ರಶಸ್ತಿಯನ್ನು ಮತ್ತೆ ಗೆದ್ದ. ಒಂದು ಸಲ ಗೆದ್ದರೆ ಅದೃಷ್ಟ ಅನ್ನಬಹುದಿತ್ತು. ಎರಡನೇ ಸಲಕ್ಕೆ ಆ ನೆಪವೂ ಉಳಿಯಲಿಲ್ಲ.

ಗೋಲು ಕಂಬಗಳ ನಡುವೆ

ಓಟದಲ್ಲಿ ಗುರಿಯ ದಾರ, ಗಡಿಯಾರ ಎರಡೇ ಸಾಕ್ಷಿ. ಫುಟ್‌ಬಾಲ್ ಹಾಗಲ್ಲ. ಅಲ್ಲಿ ಯಾರು ಆಡಬೇಕು, ಯಾರು ಚೆನ್ನಾಗಿ ಆಡಿದರು ಅನ್ನೋದನ್ನು ಮನುಷ್ಯರು ಹೇಳಬೇಕು. ವಾರ್ಟನ್‌ಗೆ ತೊಂದರೆ ಶುರುವಾಗಿದ್ದು ಅಲ್ಲಿ.

ಆಗಿನ ಗೋಲ್‌ಕೀಪರ್ ಕೆಲಸ ಅಂದ್ರೆ ಹುಡುಗಾಟ ಅಲ್ಲ. ಕೈಯಲ್ಲಿ ಚೆಂಡು ಇರಲಿ ಬಿಡಲಿ, ಎದುರಾಳಿಗಳು ಬಂದು ಭುಜದಿಂದ ಗುದ್ದಿ ಕೆಡವಬಹುದಿತ್ತು. 1891ರವರೆಗೆ ಪೆನಾಲ್ಟಿಯೂ ಇಲ್ಲ, ಗೋಲಿಗೆ ಬಲೆಯೂ ಇಲ್ಲ. ವಾರ್ಟನ್ ಗೋಲಿನ ಒಂದು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಂತೆ ಇರುತ್ತಿದ್ದ. ಎದುರಾಳಿ ಇನ್ನೇನು ಹೊಡೆಯಬೇಕು ಅನ್ನುವಾಗ ಚಂಗನೆ ಹಾರಿ ಚೆಂಡಿಗೆ ಮುಷ್ಟಿಯಿಂದ ಗುದ್ದುತ್ತಿದ್ದ. ಆ ಗುದ್ದಿಗೆ ಚೆಂಡು ಎಷ್ಟೋ ದೂರ ಹೋಗಿ ಬೀಳುತ್ತಿತ್ತು. ಶೆಫೀಲ್ಡ್‌ನ ಒಂದು ಪಂದ್ಯದಲ್ಲಿ ಆತ ಮೇಲಿನ ಅಡ್ಡಪಟ್ಟಿಗೆ ಜೋತುಬಿದ್ದು, ಚೆಂಡನ್ನು ಎರಡು ಕಾಲಿನ ಸಂದಿಯಲ್ಲಿ ಹಿಡಿದನಂತೆ. ನುಗ್ಗಿ ಬಂದ ಮೂವರು ಫಾರ್ವರ್ಡ್‌ಗಳು ಗೋಲಿನೊಳಗೆ ಬಿದ್ದರಂತೆ. ಅದನ್ನು ಕಣ್ಣಾರೆ ಕಂಡ ಒಬ್ಬ ಪ್ರೇಕ್ಷಕ 1942ರಲ್ಲಿ ಪತ್ರಿಕೆಗೆ ಕಾಗದ ಬರೆದು ನೆನಪಿಸಿಕೊಂಡಿದ್ದ. ವಾರ್ಟನ್ ಸತ್ತು ಹನ್ನೆರಡು ವರ್ಷವಾಗಿದ್ದರೂ ಅವನ ಆಟ ಕಂಡವರು ಮರೆತಿರಲಿಲ್ಲ ಅನ್ನೋದಕ್ಕೆ ಇದು ಸಾಕ್ಷಿ.

1886ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ ಅವನನ್ನು ಕರೆಸಿಕೊಂಡಿತು. ಆ ಕಾಲದ ಅತ್ಯಂತ ಬಲಿಷ್ಠ ತಂಡಗಳಲ್ಲಿ ಅದೂ ಒಂದು. 1886–87ರ ಎಫ್‌ಎ ಕಪ್‌ನಲ್ಲಿ ತಂಡ ಸೆಮಿಫೈನಲ್‌ವರೆಗೆ ಹೋಗಿ ವೆಸ್ಟ್ ಬ್ರಾಮಿಚ್ ಆಲ್ಬಿಯನ್ ಎದುರು 3–1ರಿಂದ ಸೋತಿತು. ಪ್ರೆಸ್ಟನ್‌ನಲ್ಲಿದ್ದ ದಿನಗಳಲ್ಲೇ ಒಂದು ಕ್ರೀಡಾ ಪತ್ರಿಕೆಯ ಅಂಕಣಕಾರ, ವಾರ್ಟನ್ ಗೋಲಿನಲ್ಲಿ ನಿಂತರೆ ಪ್ರೆಸ್ಟನ್ ಗೆಲ್ಲುವ ಸಾಧ್ಯತೆ ಕುಗ್ಗುತ್ತೆ ಅಂತ ಬರೆದ. ಗೋಲು ಚೇಷ್ಟೆ ಮಾಡುವ ಜಾಗವಲ್ಲ ಅನ್ನೋದು ಈ ಕಪ್ಪು ಮನುಷ್ಯನ ದಪ್ಪ ತಲೆಗೆ ಹೊಳೆಯೋದೇ ಇಲ್ಲವೇ ಅಂತ ಹೀಯಾಳಿಸಿದ. ಬೇರೆಯವರು ಅವನ ಆಟದಲ್ಲಿ ಕಂಡ ತಣ್ಣನೆಯ ಧೈರ್ಯ ಇವನ ಕಣ್ಣಿಗೆ ಬರೀ ಹುಚ್ಚಾಟ.

ಟೀಕೆ ಆಟದ ಬಗ್ಗೆ ಶುರುವಾಗಿ ಮೈಬಣ್ಣಕ್ಕೆ, ತಲೆಬುರುಡೆಗೆ ಬಂದು ನಿಂತಿದೆ ನೋಡಿ. ನೂರು ಗಜದ ಓಟದ ಬಗ್ಗೆ ಆ ಅಂಕಣಕಾರ ಹೀಗೆ ಬರೆಯೋಕೆ ಆಗ್ತಿರಲಿಲ್ಲ. ಹತ್ತು ಸೆಕೆಂಡನ್ನು ಹನ್ನೆರಡು ಅಂತ ಬರೆಯಲು ಬರುವುದಿಲ್ಲವಲ್ಲ.

ಹಣ ಮುಟ್ಟಿದರೆ ಮೈಲಿಗೆ

ವಾರ್ಟನ್ ದಾಟಿದ್ದು ಬಣ್ಣದ ಗೆರೆಯನ್ನು ಮಾತ್ರ ಅಲ್ಲ. ಇನ್ನೊಂದು ಗೆರೆ ಇತ್ತು: ಹವ್ಯಾಸಿ ಮತ್ತು ವೃತ್ತಿಪರ. ಈಗ 'ಪ್ರೊಫೆಷನಲ್' ಅಂದ್ರೆ ಹೊಗಳಿಕೆ. ವಿಕ್ಟೋರಿಯಾ ರಾಣಿಯ ಇಂಗ್ಲೆಂಡಿನಲ್ಲಿ ಅದು ಬೈಗುಳಕ್ಕೆ ಹತ್ತಿರ. ಆಸ್ತಿ ಇದ್ದವನು ಸಂತೋಷಕ್ಕೆ ಆಡುತ್ತಾನೆ, ಅವನು ಜಂಟಲ್‌ಮನ್. ಕೂಲಿಗೆ ಆಡುವವನು ಆಟ ಕೆಡಿಸುವವನು. ಎಎಎ 1880ರಲ್ಲಿ ಹುಟ್ಟುವ ಮುಂಚೆ ಹವ್ಯಾಸಿ ಓಟದ ಉಸ್ತುವಾರಿ ಇದ್ದದ್ದು ಬೇರೊಂದು ಕ್ಲಬ್ಬಿನ ಕೈಯಲ್ಲಿ. ಅದರ ನಿಯಮದ ಪ್ರಕಾರ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಗಾರ ಇವರ್ಯಾರೂ ಹವ್ಯಾಸಿ ಓಟಗಾರರೇ ಅಲ್ಲ. ದುಡ್ಡಿಗೆ ಓಡದಿದ್ದರೂ ಸರಿ, ಮಾಡುವ ಕೆಲಸವೇ ಅವರನ್ನು ಹೊರಗಿಡಲು ಸಾಕಿತ್ತು. ಹುಟ್ಟಿನ ಕಸುಬು ನೋಡಿ ಮನುಷ್ಯನನ್ನು ಅಳೆಯುವ ಪದ್ಧತಿ ನಮಗೇನು ಹೊಸದಲ್ಲ ಬಿಡಿ.

ಫುಟ್‌ಬಾಲ್‌ನಲ್ಲಿ ಈ ಗೋಡೆ ಬೇಗ ಬಿತ್ತು. ಅದನ್ನು ಬೀಳಿಸಿದವರಲ್ಲಿ ಮುಖ್ಯನಾದವನು ಪ್ರೆಸ್ಟನ್ ಕ್ಲಬ್ ನಡೆಸುತ್ತಿದ್ದ ವಿಲಿಯಂ ಸುಡೆಲ್. 1884ರಲ್ಲಿ ತನ್ನ ಆಟಗಾರರಿಗೆ ಹಣ ಕೊಡುತ್ತಿದ್ದೇನೆ ಅಂತ ಆತ ನೇರವಾಗಿ ಒಪ್ಪಿಕೊಂಡ. ತಂಡವನ್ನು ಕಪ್‌ನಿಂದ ಹೊರಹಾಕಿದರು. ಆದರೆ ಗಿರಣಿ ಊರುಗಳ ಕ್ಲಬ್ಬುಗಳೆಲ್ಲ ಒಟ್ಟಾಗಿ ನಿಂತಾಗ ಫುಟ್‌ಬಾಲ್ ಅಸೋಸಿಯೇಷನ್ ಬಗ್ಗಲೇಬೇಕಾಯಿತು. 1885ರ ಜುಲೈನಲ್ಲಿ ಆಟಗಾರರಿಗೆ ಸಂಬಳ ಕೊಡುವುದು ಕಾನೂನುಬದ್ಧವಾಯಿತು. ಶನಿವಾರ ಮಧ್ಯಾಹ್ನ ಗಿರಣಿ ಕೆಲಸ ಬಿಟ್ಟು ಆಡಲು ಹೋಗುವ ಹುಡುಗನಿಗೆ ಸಂಬಳ ಸಿಗದಿದ್ದರೆ ಆಟ ಶ್ರೀಮಂತರದ್ದೇ ಆಗಿ ಉಳಿಯುತ್ತಿತ್ತು.

ವಾರ್ಟನ್ ಮೊದಲ ಹೆಜ್ಜೆ ಇಟ್ಟಿದ್ದು ಓಟದ ಕಡೆಗೆ. 1888ರಲ್ಲಿ ಪ್ರೆಸ್ಟನ್ ಬಿಟ್ಟು ವೃತ್ತಿಪರ ಓಟಗಾರನಾದ. ಉಕ್ಕಿನ ಊರು ಶೆಫೀಲ್ಡ್ ಆಗ ಹಣದ ಓಟಗಳ ದೊಡ್ಡ ಕೇಂದ್ರ. ಅಲ್ಲಿ ನಡೆಯುತ್ತಿದ್ದುದು ಹ್ಯಾಂಡಿಕ್ಯಾಪ್ ಓಟ. ಬಲಿಷ್ಠ ಓಟಗಾರ ಹಿಂದಿನ ಗೆರೆಯಲ್ಲಿ, ಉಳಿದವರು ಅವರವರ ಶಕ್ತಿ ನೋಡಿಕೊಂಡು ಇಷ್ಟಿಷ್ಟು ಗಜ ಮುಂದೆ. ಸ್ಪರ್ಧೆ ಸಮನಾಗಬೇಕಾದರೆ ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಬಾರದು ಅನ್ನೋ ಸರಳ ಸತ್ಯ ಬಾಜಿ ಕಟ್ಟುವವರಿಗೂ ಗೊತ್ತಿತ್ತು. ಕಾರ್ಮಿಕರು ವಾರದ ಕೂಲಿಯಲ್ಲಿ ಒಂದಿಷ್ಟು ಬಾಜಿಗೆ ಹಾಕಿ ಕೂಗುತ್ತಿದ್ದರು. 1888ರ ಸೆಪ್ಟೆಂಬರಿನಲ್ಲಿ ಶೆಫೀಲ್ಡ್‌ನ ಕ್ವೀನ್ಸ್ ಗ್ರೌಂಡ್‌ನಲ್ಲಿ ನಡೆದ ಹ್ಯಾಂಡಿಕ್ಯಾಪ್ ಓಟವನ್ನು ವಾರ್ಟನ್ ಗೆದ್ದ. ಹವ್ಯಾಸಿಗಳ ನಡುವೆ ಗೆದ್ದಿದ್ದವನು ಈಗ ಹೊಟ್ಟೆಪಾಡಿಗೆ ಓಡುವವರ ನಡುವೆಯೂ ಗೆದ್ದ.

ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಹಣ ಮುಟ್ಟಿದ ಮೇಲೆ ಹವ್ಯಾಸಿ ಓಟದ ಬಾಗಿಲು ಶಾಶ್ವತವಾಗಿ ಮುಚ್ಚಿತು. ಇತ್ತ ಅವನು ಬಿಟ್ಟುಬಂದ ಪ್ರೆಸ್ಟನ್ ಇತಿಹಾಸ ಬರೆಯಿತು. 1888–89ರಲ್ಲಿ ಹನ್ನೆರಡು ತಂಡಗಳ ಮೊದಲ ಫುಟ್‌ಬಾಲ್ ಲೀಗ್ ಶುರುವಾದಾಗ 22 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದಿತು; ಎಫ್‌ಎ ಕಪ್ಪನ್ನೂ ಎತ್ತಿತು. ಆ ತಂಡವನ್ನು ಇವತ್ತಿಗೂ ಅಜೇಯರು ಅಂತಲೇ ಕರೆಯುತ್ತಾರೆ. ಒಂದು ವರ್ಷ ತಡೆದಿದ್ದರೆ ಆ ಪಟ್ಟಿಯಲ್ಲಿ ವಾರ್ಟನ್ ಹೆಸರೂ ಇರುತ್ತಿತ್ತೋ ಏನೋ.

'ಮೊದಲಿಗ' ಅನ್ನುವ ಪಟ್ಟ

1889ರಲ್ಲಿ ಆತ ರಾದರ್‌ಹ್ಯಾಮ್ ಟೌನ್ ಕ್ಲಬ್‌ಗೆ ಸಂಬಳದ ಗೋಲ್‌ಕೀಪರ್ ಆಗಿ ಸೇರಿದ. ಮಾರನೆಯ ವರ್ಷ ಅದೇ ಊರಲ್ಲಿ ಎಮ್ಮಾ ಲಿಸ್ಟರ್ ಜೊತೆ ಮದುವೆ. ಹೊಟ್ಟೆಪಾಡಿಗೆ ಪಬ್ ಕೂಡ ನಡೆಸಿದ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ಬ್ರಿಟನ್ನಿನಲ್ಲಿ ದೊಡ್ಡ ಮಟ್ಟದ ಫುಟ್‌ಬಾಲ್ ಆಡಿದ ಮೊದಲ ಕಪ್ಪು ಆಟಗಾರ ವಾರ್ಟನ್ ಅಲ್ಲ. ಅವನಿಗಿಂತ ಮುಂಚೆ ಆಂಡ್ರ್ಯೂ ವಾಟ್ಸನ್ ಇದ್ದ. ಈಗಿನ ಗಯಾನಾದಲ್ಲಿ ಹುಟ್ಟಿದ ವಾಟ್ಸನ್ 1881ರಲ್ಲಿ ಸ್ಕಾಟ್ಲೆಂಡ್ ತಂಡದ ನಾಯಕನಾಗಿ ಲಂಡನ್ನಿನಲ್ಲೇ ಇಂಗ್ಲೆಂಡನ್ನು 6–1ರಿಂದ ಸೋಲಿಸಿದ್ದ. ಆದರೆ ವಾಟ್ಸನ್‌ಗೆ ಶ್ರೀಮಂತ ಸ್ಕಾಟಿಷ್ ಅಪ್ಪ ಬಿಟ್ಟುಹೋದ ಹಣ ಇತ್ತು. ಸಂಬಳಕ್ಕಾಗಿ ಆಡುವ ಒತ್ತಡ ಅವನಿಗೆ ಇರಲಿಲ್ಲ.

ನಮಗೆ ಹೆಚ್ಚು ಪರಿಚಯದ ಇನ್ನೊಂದು ಹೆಸರು ರಣಜಿತ್ ಸಿನ್ಹಜಿ. 1896ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಇಂಗ್ಲೆಂಡ್ ಪರ ಆಡಿದ ಮೊದಲ ಟೆಸ್ಟ್‌ನಲ್ಲೇ ಅಜೇಯ 154 ರನ್ ಹೊಡೆದ. ಅದೇ ವರ್ಷ ವಾರ್ಟನ್ ಮ್ಯಾಂಚೆಸ್ಟರ್ ಹತ್ತಿರದ ಸ್ಟೇಲಿಬ್ರಿಡ್ಜ್‌ನ ಒಂದು ಸಣ್ಣ ಕ್ಲಬ್ಬಿಗೆ ಆಡಲು ಬಂದ. ಇಬ್ಬರೂ ವಸಾಹತುಗಳಿಂದ ಬಂದವರು, ಇಬ್ಬರ ಹಿಂದೆಯೂ ರಾಜಮನೆತನದ ಹೆಸರಿತ್ತು. ರಣಜಿಗೂ ಇಂಗ್ಲೆಂಡಿನಲ್ಲಿ ವರ್ಣಭೇದ ತಟ್ಟದೆ ಇರಲಿಲ್ಲ. ಆದರೂ ಆತ ಕೇಂಬ್ರಿಡ್ಜ್‌ನಲ್ಲಿ ಓದಿದ ಹವ್ಯಾಸಿ, ಸ್ಕೋರ್‌ಕಾರ್ಡಿನಲ್ಲೂ ಜಂಟಲ್‌ಮನ್. ವಾರ್ಟನ್ ಕೂಲಿ ಪಡೆಯುವ ಆಟಗಾರ. ಬಣ್ಣ ಒಂದನ್ನೇ ನೋಡಿದರೆ ಈ ವ್ಯತ್ಯಾಸ ಅರ್ಥ ಆಗಲ್ಲ, ವರ್ಗವನ್ನೂ ಜೊತೆಗಿಟ್ಟು ನೋಡಬೇಕು. ವಾರ್ಟನ್ ಮೇಲೆ ಎರಡೂ ಭಾರ ಒಟ್ಟಿಗೇ ಬಿದ್ದವು.

ಸ್ಟೇಲಿಬ್ರಿಡ್ಜ್‌ಗೆ ಬರುವ ಮುಂಚೆ, 1894ರಲ್ಲಿ, ಶೆಫೀಲ್ಡ್ ಯುನೈಟೆಡ್ ಅವನನ್ನು ಕರೆದಿತ್ತು. ಆದರೆ ಅಲ್ಲಿ ಗೋಲು ಕಾಯುತ್ತಿದ್ದವನು ದೈತ್ಯ ದೇಹದ, ಆಗಿನ್ನೂ ಎಳೆಯ ವಿಲಿಯಂ ಫೋಕ್. ಮುಂದೆ ಇಂಗ್ಲೆಂಡಿನ ಅತ್ಯಂತ ಪ್ರಸಿದ್ಧ ಗೋಲ್‌ಕೀಪರ್‌ಗಳಲ್ಲಿ ಒಬ್ಬನಾದವನು. ಮೂವತ್ತರ ಅಂಚಿನಲ್ಲಿದ್ದ ವಾರ್ಟನ್‌ಗೆ ಬದಲಿ ಆಟಗಾರನ ಜಾಗ. 1895ರ ಫೆಬ್ರವರಿಯಲ್ಲಿ ಸಂಡರ್‌ಲ್ಯಾಂಡ್ ವಿರುದ್ಧ ಆಡಲು ಅವಕಾಶ ಸಿಕ್ಕಿತು. ಇಂಗ್ಲೆಂಡಿನ ಮೊದಲ ದರ್ಜೆಯ ಲೀಗ್‌ನಲ್ಲಿ ಕಪ್ಪು ಆಟಗಾರನೊಬ್ಬ ಕಣಕ್ಕಿಳಿದದ್ದು ಅದೇ ಮೊದಲು.

ಆಮೇಲೆ ಇಳಿಜಾರು. ಸ್ಟೇಲಿಬ್ರಿಡ್ಜ್ ರೋವರ್ಸ್, ಆಷ್ಟನ್ ನಾರ್ತ್ ಎಂಡ್, ಕೊನೆಗೆ ಸ್ಟಾಕ್‌ಪೋರ್ಟ್ ಕೌಂಟಿ. 1902ರಲ್ಲಿ ಆಟ ನಿಲ್ಲಿಸಿದಾಗ ವಯಸ್ಸು ಮೂವತ್ತಾರು. ಆಗಿನ ಕ್ಲಬ್ಬುಗಳಲ್ಲಿ ಪಿಂಚಣಿ ಇಲ್ಲ, ಕೋಚ್ ಮಾಡಿ ಉಳಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಕುಡಿತವೂ ಅಂಟಿಕೊಂಡಿತ್ತು.

ನೆಲದ ಕೆಳಗೆ

ಒಂದು ಕಾಲದ ಚಾಂಪಿಯನ್ ಕೊನೆಗೆ ಸೇರಿದ್ದು ಕಲ್ಲಿದ್ದಲು ಗಣಿಗೆ. ಡಾಂಕಾಸ್ಟರ್ ಬಳಿಯ ಎಡ್ಲಿಂಗ್ಟನ್‌ನ ಯಾರ್ಕ್‌ಷೈರ್ ಮೇನ್ ಗಣಿಯಲ್ಲಿ ಅವನ ಕೆಲಸ ಕಲ್ಲಿದ್ದಲು ತುಂಬಿದ ತೊಟ್ಟಿಬಂಡಿಗಳನ್ನು ಸಾಗಿಸುವುದು. ನಲವತ್ತು ದಾಟಿದ, ಐವತ್ತು ದಾಟಿದ ದೇಹ. ಹಿಂದೊಮ್ಮೆ ಅದೇ ಕಾಲಿನ ವೇಗದ ಮೇಲೆ ಜನ ಬಾಜಿ ಕಟ್ಟಿದ್ದರು.

ಗಣಿಯ ಬದುಕು ಎಂಥದ್ದು ಅನ್ನೋದಕ್ಕೆ 1926 ನೋಡಿದರೆ ಸಾಕು. ಆ ವರ್ಷ ಬ್ರಿಟನ್ನಿನ ಗಣಿ ಮಾಲೀಕರು ಕೂಲಿ ಇಳಿಸಿ ಕೆಲಸದ ಅವಧಿ ಹೆಚ್ಚಿಸಲು ಹೊರಟರು. ಒಪ್ಪದ ಹತ್ತು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಗಣಿಯ ಬಾಗಿಲು ಮುಚ್ಚಿದರು. ಅವರ ಪರವಾಗಿ ಮೇ ತಿಂಗಳಲ್ಲಿ ಇಡೀ ದೇಶದಲ್ಲಿ ಒಂಬತ್ತು ದಿನ ಸಾರ್ವತ್ರಿಕ ಮುಷ್ಕರ ನಡೆಯಿತು. ಮುಷ್ಕರ ಮುಗಿದ ಮೇಲೂ ಗಣಿ ಕಾರ್ಮಿಕರು ತಿಂಗಳುಗಟ್ಟಲೆ ಹಸಿದುಕೊಂಡು ಹೋರಾಡಿ ಸೋತರು. ಅಂಥ ಉದ್ದಿಮೆಯ ನೆಲದಡಿಯ ಕೂಲಿಯಾಗಿ ವಾರ್ಟನ್ ತನ್ನ ಕೊನೆಯ ವರ್ಷಗಳನ್ನು ಕಳೆದ.

1930ರ ಡಿಸೆಂಬರ್ 13ರಂದು ಡಾಂಕಾಸ್ಟರ್ ಬಳಿಯ ಸ್ಪ್ರಿಂಗ್‌ವೆಲ್ ಆರೋಗ್ಯಧಾಮದಲ್ಲಿ, ದೀರ್ಘ ಕಾಯಿಲೆಯ ನಂತರ, ಆರ್ಥರ್ ವಾರ್ಟನ್ ತೀರಿಕೊಂಡ. ವಯಸ್ಸು ಅರವತ್ತೈದು. ಕೈಯಲ್ಲಿ ಕಾಸಿಲ್ಲ. ಎಡ್ಲಿಂಗ್ಟನ್ ಸ್ಮಶಾನದಲ್ಲಿ ಬಡವರ ಸಾಲಿನಲ್ಲಿ, ಗುರುತಿನ ಕಲ್ಲಿಲ್ಲದೆ ಮಣ್ಣು ಮಾಡಿದರು.

ಮರೆವಿಗೂ ಕೆಲಸಗಾರರಿರುತ್ತಾರೆ

ಅವನನ್ನು ಮರೆತದ್ದು ತಾನಾಗಿ ಆಗಿದ್ದಲ್ಲ. ಕ್ರೀಡೆಯ ಇತಿಹಾಸ ಬರೆದವರಿಗೆ ವೃತ್ತಿಪರ ಓಟ ಅಂದರೆ ಜೂಜುಕೋರರ ಸಂತೆ. ಅದನ್ನು ಅವರು ಪುಸ್ತಕಕ್ಕೆ ಸೇರಿಸಲಿಲ್ಲ. ಫುಟ್‌ಬಾಲ್ ಇತಿಹಾಸದಲ್ಲಿ ಕಪ್ಪು ಆಟಗಾರರ ಕಥೆ ಎರಡನೇ ಮಹಾಯುದ್ಧದ ನಂತರ ವಲಸೆ ಬಂದವರಿಂದ ಶುರುವಾಗುತ್ತೆ ಅನ್ನೋ ನಂಬಿಕೆ ಬಹುಕಾಲ ಉಳಿದಿತ್ತು. ಇಂಗ್ಲೆಂಡ್ ಸೀನಿಯರ್ ತಂಡಕ್ಕೆ ವಿವ್ ಆಂಡರ್ಸನ್ ಆಡಿದ್ದು 1978ರಲ್ಲಿ. ಆಗ ಅದನ್ನು ಹೊಸ ಯುಗದ ಆರಂಭ ಅಂದರು. ವಾರ್ಟನ್ ಆಟ ನಿಲ್ಲಿಸಿ ಅಷ್ಟೊತ್ತಿಗೆ 76 ವರ್ಷ ಆಗಿತ್ತು. ಕಪ್ಪು ಆಟಗಾರರನ್ನು ಕಂಡು ಗ್ಯಾಲರಿಯಿಂದ ಬಾಳೆಹಣ್ಣು ಎಸೆಯುತ್ತಿದ್ದ, ಮಂಗನ ಸದ್ದು ಮಾಡುತ್ತಿದ್ದ ದಿನಗಳು ಅವು. ನೀವು ಈ ಆಟಕ್ಕೆ ಹೊಸಬರು, ಹೊರಗಿನವರು ಅನ್ನೋದು ಆ ಕೂಗಿನ ಅರ್ಥ. ಮೊದಲ ಲೀಗ್ ಶುರುವಾಗುವ ಮುಂಚಿನಿಂದಲೂ ಅವರಲ್ಲೊಬ್ಬ ಈ ಆಟದಲ್ಲಿದ್ದ ಅನ್ನೋದು ಕೂಗುವವರಿಗೂ ಗೊತ್ತಿರಲಿಲ್ಲ, ಕೇಳಿಸಿಕೊಳ್ಳುವವರಿಗೂ ಗೊತ್ತಿರಲಿಲ್ಲ.

ಆ ಮರೆವನ್ನು ಕಿತ್ತುಹಾಕಲು ಜನ ಕೂತು ಕೆಲಸ ಮಾಡಬೇಕಾಯಿತು. ಇತಿಹಾಸಕಾರ ಫಿಲ್ ವಸಿಲಿ ಹಳೆಯ ಪತ್ರಿಕೆ, ದಾಖಲೆ ಕೆದಕಿ ಅವನ ಬದುಕನ್ನು ಜೋಡಿಸಿ 1998ರಲ್ಲಿ ಜೀವನಚರಿತ್ರೆ ಪ್ರಕಟಿಸಿದ. ಅದಕ್ಕೆ ಒಂದು ವರ್ಷ ಮುಂಚೆ, 1997ರಲ್ಲಿ, ಫುಟ್‌ಬಾಲ್‌ನಲ್ಲಿನ ವರ್ಣಭೇದದ ವಿರುದ್ಧ ಹೋರಾಡುವ ಶೆಫೀಲ್ಡ್‌ನ ಒಂದು ಸಂಘಟನೆ ಪ್ರಚಾರ ನಡೆಸಿ ಸಮಾಧಿಗೆ ಕಲ್ಲು ಹಾಕಿಸಿತು. 2003ರಲ್ಲಿ ಇಂಗ್ಲಿಷ್ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿತು. 2014ರಲ್ಲಿ ಇಂಗ್ಲೆಂಡ್ ರಾಷ್ಟ್ರೀಯ ತಂಡಗಳು ತರಬೇತಿ ಪಡೆಯುವ ಸೇಂಟ್ ಜಾರ್ಜಸ್ ಪಾರ್ಕ್‌ನಲ್ಲಿ ಅವನ ಕಂಚಿನ ಪ್ರತಿಮೆ ನಿಂತಿತು. ಅಡ್ಡಪಟ್ಟಿಯ ಎತ್ತರಕ್ಕೆ ಹಾರಿ ಚೆಂಡು ತಡೆಯುತ್ತಿರುವ ಭಂಗಿ.

ಹಾಗಾದರೆ ಕೊನೆಗೂ ಮೆರಿಟ್ ಗೆದ್ದಿತಲ್ಲ ಅಂತ ಯಾರಾದರೂ ಅನ್ನಬಹುದು. ಗೆದ್ದದ್ದು ಮೆರಿಟ್ ಅಲ್ಲ. ಆ ಹತ್ತು ಸೆಕೆಂಡು 1886ರಿಂದಲೂ ದಾಖಲೆಯಲ್ಲಿ ಇತ್ತು. ಅದು ಅವನಿಗೆ ವಯಸ್ಸಾದಾಗ ಅನ್ನ ಕೊಡಲಿಲ್ಲ, ಸತ್ತಾಗ ಕಲ್ಲು ಹಾಕಿಸಲಿಲ್ಲ. ಅದಕ್ಕೆ ಒಬ್ಬ ಸಂಶೋಧಕನ ವರ್ಷಗಟ್ಟಲೆ ಶ್ರಮ, ಒಂದು ಸಂಘಟನೆಯ ಹಟ, ಸಾಮಾನ್ಯ ಜನ ಕೊಟ್ಟ ಬೆಂಬಲ ಬೇಕಾಯಿತು. ಸಮಾಧಿಗೆ ಕಲ್ಲು ಬರಲು 67 ವರ್ಷ ಹಿಡಿಯಿತು. ಅಷ್ಟರಲ್ಲಿ ಅವನು ದುಡಿದ ಯಾರ್ಕ್‌ಷೈರ್ ಮೇನ್ ಗಣಿಯೇ ಇರಲಿಲ್ಲ. 1985ರಲ್ಲೇ ಅದನ್ನು ಮುಚ್ಚಿದ್ದರು.